ಹದ್ದಕ್ಕ ಹಾಕಿದ ಲೆಕ್ಕ

ಸ್ಯಾನಿಟರಿ ಪ್ಯಾಡ್ ಮಾಡುವ ಕಾರ್ಖಾನೆಯ ಎರಡನೆಯ ಸಾಲಿನ ಕೊನೆಯಲ್ಲಿ ಎತ್ತರದ ಸ್ಟೂಲಿನ ಮೇಲೆ ಕೂರುವ ಹೆಂಗಸನ್ನು ಎಲ್ಲರೂ ಹದ್ದಕ್ಕ ಅನ್ನುತ್ತಾರೆ. ಹೆತ್ತವರಿಟ್ಟ ಹೆಸರು ಹಾಜರಿ ಹಾಕುವವನಿಗೂ ಮರೆತುಹೋಗಿದೆ. ಯಂತ್ರದಿಂದ ಪ್ಯಾಡುಗಳು ಒಂದರ ಹಿಂದೊಂದು ಬೆಲ್ಟಿನ ಮೇಲೆ ಓಡಿ ಬರುವಾಗ ಅಂಟಿನ ಪಟ್ಟಿ ಕೂದಲೆಳೆಯಷ್ಟು ಸರಿದಿದ್ದರೂ ಸರಿ, ಹತ್ತಿ ಒಂದು ಕಡೆ ಗಂಟು ಕಟ್ಟಿದ್ದರೂ ಸರಿ, ಅವಳ ಕೈ ಅದನ್ನು ಎತ್ತಿ ಬುಟ್ಟಿಗೆ ಎಸೆದು ಆಗಿರುತ್ತದೆ. ಕಣ್ಣು ಮೊದಲೋ ಕೈ ಮೊದಲೋ ಹೇಳುವುದು ಕಷ್ಟ. ಬಾಯಂತೂ ಎರಡಕ್ಕಿಂತಲೂ ಮೊದಲು.

ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ಮೊದಲ ದಿನ ಪ್ಯಾಡನ್ನು ಬೆರಳ ತುದಿಯಲ್ಲಿ ಹಿಡಿದು ಮುಖ ಕೆಂಪಗೆ ಮಾಡಿಕೊಂಡು ನಿಲ್ಲುತ್ತಾರೆ. ಹದ್ದಕ್ಕ ಬಿಡುವವಳಲ್ಲ. ಪ್ರಪಂಚದ ಅರ್ಧ ಜನಕ್ಕೆ ತಿಂಗಳು ತಿಂಗಳು ಬರುವುದಕ್ಕೆ ನೀನೊಬ್ಬಳು ಯಾಕೆ ನಾಚಿಕೊಳ್ಳುತ್ತೀ, ಉಳಿದರ್ಧ ಜನ ಹುಟ್ಟಿದ್ದೂ ಅದರಿಂದಲೇ ತಾನೇ ಎಂದು ಇಡೀ ಸಾಲಿಗೆ ಕೇಳುವಂತೆ ಕೂಗುತ್ತಾಳೆ. ಯಂತ್ರ ರಿಪೇರಿಗೆ ಬಂದ ಗಂಡಸರು ಸ್ಪ್ಯಾನರ್ ಹುಡುಕುವ ನೆಪದಲ್ಲಿ ಬಗ್ಗಿಬಿಡುತ್ತಾರೆ. ಹೀಗೆ ಸಾಲಿನ ಹುಡುಗಿಯರಿಗೆಲ್ಲ ಅವಳು ಅಕ್ಕ, ಅರ್ಧ ಡಾಕ್ಟರು, ಪೂರ್ತಿ ವಕೀಲೆ.

ಮನೆಯ ಹೊಸಿಲು ದಾಟಿದ ಕೂಡಲೇ ಅದೇ ಬಾಯಿಗೆ ಬೀಗ. ನಂಬುವವರು ನಂಬಲಿ, ಬಿಡುವವರು ಬಿಡಲಿ, ಸ್ವಂತ ಮಗಳ ಹತ್ತಿರ ಈ ವಿಷಯದಲ್ಲಿ ಅವಳು ಒಂದು ಪೂರ್ತಿ ವಾಕ್ಯ ಆಡಿದವಳಲ್ಲ. ಅದಕ್ಕೆ ಕಾರಣ ಇತ್ತು. ಅವಳು ಮೊದಲ ಸಲ ಮುಟ್ಟಾದ ದಿನ, ಒಳಗೆ ಏನೋ ಒಡೆದುಹೋಗಿದೆ, ಇನ್ನು ತನ್ನ ಕಥೆ ಮುಗಿಯಿತು ಎಂದುಕೊಂಡು ಮಧ್ಯಾಹ್ನದವರೆಗೆ ಬಚ್ಚಲಲ್ಲಿ ಕೂತಿದ್ದಳು. ಕೊನೆಗೆ ಅಮ್ಮ ಬಾಗಿಲ ಸಂದಿಯಿಂದ ಒಂದು ಹಳೆ ಬಟ್ಟೆ ಎಸೆದು, ಯಾರಿಗೂ ಹೇಳಬೇಡ ಅಂದಿದ್ದಳು. ನನ್ನ ಮಗಳಿಗೆ ಇದನ್ನು ಬಾಯಿಬಿಟ್ಟು ಕೇಳುವ ಗತಿಯೇ ಬರಬಾರದು ಎಂದು ಹದ್ದಕ್ಕ ಆಗಲೇ ನಿರ್ಧರಿಸಿದ್ದಳು. ನಿರ್ಧಾರವೇನೋ ಚಿನ್ನದಂಥದ್ದು. ಆದರೆ ಕೇಳುವ ಗತಿ ಬರದ ಮನೆಯಲ್ಲಿ ಹೇಳುವ ಅಭ್ಯಾಸವೂ ಬರುವುದಿಲ್ಲ ಎಂಬುದು ಅವಳಿಗೆ ಹೊಳೆಯಲಿಲ್ಲ.

ಮಗಳಿಗೆ ಹತ್ತು ತುಂಬಿದಾಗಲೇ ಬಚ್ಚಲ ಪಕ್ಕದ ಕಪಾಟಿನ ಕೆಳಗಿನ ಖಾನೆಯಲ್ಲಿ ಪ್ಯಾಕೆಟ್ ತಂದಿಟ್ಟಳು. ಹೇಗೆ ಬಿಚ್ಚುವುದು, ಹೇಗೆ ಅಂಟಿಸುವುದು, ಹೇಗೆ ಸುತ್ತಿ ಎಸೆಯುವುದು ಎಂದು ಹೊಸ ಕೆಲಸದವಳಿಗೆ ತೋರಿಸುವ ಹಾಗೆ ಒಂದೇ ಸಲ ತೋರಿಸಿದಳು. ಯಾಕೆ ಬರುತ್ತೆ, ಎಲ್ಲಿಂದ ಬರುತ್ತೆ ಎಂದು ಹುಡುಗಿ ಕೇಳಿದ್ದಕ್ಕೆ ಗೊತ್ತಾಗುತ್ತೆ ಬಿಡು ಅಂದಳು. ಅಲ್ಲಿಗೆ ಪಾಠ ಮುಗಿಯಿತು.

ಹುಡುಗಿ ನೋಡನೋಡುತ್ತಲೇ ಬೆಳೆದಳು. ಕೈಕಾಲು ಮೊದಲು ಉದ್ದವಾದವು, ಉಳಿದದ್ದು ಹಿಂದಿನಿಂದ ಬಂತು. ಹಣೆಯ ಮೇಲೆ ಮೊಡವೆ ಎದ್ದಿತು, ಬಚ್ಚಲಿಗೆ ಒಳಗಿನಿಂದ ಚಿಲಕ ಬಿತ್ತು, ಕನ್ನಡಿಯ ಮುಂದೆ ಅರ್ಧ ಗಂಟೆ ನಿಂತು ಕೊನೆಗೆ ಅದರ ಮೇಲೇ ಸಿಟ್ಟು ಮಾಡಿಕೊಂಡು ಬರುವುದು ಶುರುವಾಯಿತು. ಬೆಳಗ್ಗೆ ಅಮ್ಮನ ಕೊರಳಿಗೆ ಜೋತುಬೀಳುವವಳು ಮಧ್ಯಾಹ್ನ ತಟ್ಟೆ ಕುಕ್ಕಿ ಎದ್ದು ಹೋಗುವಳು. ಆ ವಯಸ್ಸಿನ ಮೈಗೆ ದಿನಕ್ಕೊಂದು ಹೊಸ ಸುದ್ದಿ, ಮನಸ್ಸು ಆ ಸುದ್ದಿಯ ಹಿಂದೆ ಏದುಸಿರು ಬಿಡುತ್ತ ಓಡುತ್ತಿರುತ್ತದೆ. ಹದ್ದಕ್ಕ ಇದನ್ನೆಲ್ಲ ನೋಡಿಕೊಂಡು ಸಹಿಸಿಕೊಂಡಳು, ಒಳಗೊಳಗೇ ಖುಷಿಯೂ ಪಟ್ಟಳು.

ಹದಿಮೂರು ದಾಟಿದ ಮೇಲೆ ಒಂದು ದಿನ ಬೆಳಗಿನ ಶಿಫ್ಟು ಮುಗಿಸಿ ಬಂದಾಗ ಮಗಳು ಮೊಣಕಾಲನ್ನು ಹೊಟ್ಟೆಗೆ ಅವುಚಿಕೊಂಡು ಮಲಗಿದ್ದಳು. ಹದ್ದಕ್ಕನ ಕಣ್ಣಿಗೆ ಒಂದು ನೋಟ ಸಾಕಾಯಿತು. ಬಿಸಿನೀರಿನ ಚೀಲ ತುಂಬಿ ತಂದಳು, ದಿಂಬಿನ ಪಕ್ಕ ಪ್ಯಾಕೆಟ್ ಇಟ್ಟಳು. ಹುಡುಗಿ ಏನೋ ಹೇಳಲು ಬಾಯಿ ತೆರೆದಳು.

"ಗೊತ್ತಾಯ್ತು ಬಿಡು," ಅಂದಳು ಅಮ್ಮ, ತಲೆ ಸವರಿ. "ಹೆದರ್ಬೇಡ. ನೀನೇನೂ ಹೇಳ್ಬೇಕಾಗಿಲ್ಲ."

ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮಾರನೆಯ ದಿನ ಎರಡನೆಯ ಸಾಲಿನವರಿಗೆಲ್ಲ ಸಿಹಿ ಹಂಚಿದಳು. ಅಂದಿನಿಂದ ತಿಂಗಳಿಗೆ ಎರಡು ಮೂರು ದಿನ ಮಗಳಿಗೆ ಹೊಟ್ಟೆನೋವು, ಕಪಾಟಿನಿಂದ ಒಂದು ಪ್ಯಾಕೆಟ್ ಮಾಯ, ಆ ಜಾಗಕ್ಕೆ ಅಮ್ಮನಿಂದ ಇನ್ನೊಂದು. ತಾಯಿಮಗಳ ನಡುವಿನ ಸಂಭಾಷಣೆ ಅಷ್ಟೇ. ನಮ್ಮನೆಯಲ್ಲಿ ಕೇಳುವ ಗೋಜೇ ಇಲ್ಲ ಎಂದು ಹದ್ದಕ್ಕ ಊಟದ ವಿರಾಮದಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು.

ವರ್ಷ ತುಂಬುವ ಹೊತ್ತಿಗೆ ಹುಡುಗಿ ಬದಲಾದಳು. ಸಡಿಲ ಅಂಗಿ ಬಿಟ್ಟರೆ ಬೇರೆ ಹಾಕುತ್ತಿರಲಿಲ್ಲ. ಶಾಲೆಯ ಚೀಲವನ್ನು ಬೆನ್ನಿಗೆ ಹಾಕದೆ ಹೊಟ್ಟೆಯ ಮುಂದೆ ಹಿಡಿದು ನಡೆಯುತ್ತಿದ್ದಳು. ಆಟ ನಿಂತಿತ್ತು. ಬಚ್ಚಲಿಗೆ ಹೋದರೆ ಹೊರಗೆ ಬರುವುದೇ ಇಲ್ಲ. ಒಂದು ಸಂಜೆ ಬಸ್ಸಿನ ಕಿಟಕಿಯಿಂದ ಹದ್ದಕ್ಕನಿಗೆ ಮಗಳು ಟ್ಯೂಷನ್ನಿನ ಹುಡುಗನೊಬ್ಬನ ಜತೆ ನಡೆದು ಬರುತ್ತಿದ್ದುದು ಕಂಡಿತು. ಮೀಸೆ ಇನ್ನೂ ಬರಲೋ ಬೇಡವೋ ಎನ್ನುತ್ತಿದ್ದ ಹುಡುಗ. ಅವಳು ಅದನ್ನು ಆ ಕ್ಷಣಕ್ಕೆ ಮರೆತಳು, ಅಂದರೆ ಮರೆತೆ ಎಂದುಕೊಂಡಳು.

ಭಾನುವಾರ ಮಧ್ಯಾಹ್ನ ಗಂಡನ ಅಕ್ಕ ಕರೆದಳು. ಕೆಳಗಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಒಬ್ಬಳೇ ಇರುವ ಹೆಂಗಸು ಅವಳು. ಮಾತು ಕಡಿಮೆ, ಆಡಿದರೆ ಸೂಜಿಯಷ್ಟೇ ನೇರ. ಅವಳ ಕೈಯಲ್ಲಿ ಹುಡುಗಿಯ ಶಾಲೆಯ ಲಂಗ ಇತ್ತು. ಹೋದ ತಿಂಗಳು ತಾನೇ ಸೊಂಟ ಬಿಚ್ಚಿ ಅಗಲ ಮಾಡಿ ಕೊಟ್ಟಿದ್ದೆ, ಈಗ ಮತ್ತೆ ಕೊಕ್ಕೆ ಕೂರುತ್ತಿಲ್ಲವಂತೆ ಅಂದಳು.

"ಕೈಕಾಲು ಕಡ್ಡಿ ಹಾಗೇ ಇದೆ," ಅಂದಳು. "ಸೊಂಟ ಒಂದೇ ಯಾಕೆ..."

ಮಾತನ್ನು ಅಲ್ಲಿಗೇ ಬಿಟ್ಟು ದಾರ ಕಚ್ಚಿ ತುಂಡರಿಸಿದಳು.

ಮಗಳು ಟ್ಯೂಷನ್ನಿಗೆ ಹೋಗಿದ್ದಳು. ಹದ್ದಕ್ಕ ಮೇಲೆ ಹೋಗಿ ಮೊದಲು ಹಾಸಿಗೆ ಜಾಲಾಡಿದಳು, ಆಮೇಲೆ ಪುಸ್ತಕದ ಕಪಾಟು. ಏನು ಹುಡುಕುತ್ತಿದ್ದೇನೆಂದು ಅವಳಿಗೇ ಗೊತ್ತಿರಲಿಲ್ಲ. ಅಟ್ಟದ ಮೇಲೆ ಕಂಬಳಿಗಳ ಹಿಂದೆ ಹಳೆ ಶಾಲೆ ಚೀಲ ಸಿಕ್ಕಿತು. ಜಿಪ್ಪು ಎಳೆದರೆ ಪ್ಯಾಡಿನ ಪ್ಯಾಕೆಟ್ಟುಗಳು. ಒಂದೂ ಒಡೆದಿರಲಿಲ್ಲ.

ಬೇರೆ ಯಾವ ತಾಯಿಯಾದರೂ ಅಲ್ಲೇ ಕೂತು, ಇದೇನಿದು ಎಂದು ತಲೆ ಕೆರೆದುಕೊಳ್ಳುತ್ತಿದ್ದಳು. ಮಗಳು ಬಂದ ಮೇಲೆ ಕೇಳುತ್ತಿದ್ದಳು. ಆದರೆ ಇವಳು ಹದ್ದಕ್ಕ. ಪ್ಯಾಕೆಟ್ಟಿನ ಕೆಳ ಅಂಚಿನಲ್ಲಿ ಕಾರ್ಖಾನೆಯವರು ಒಂದು ಸಣ್ಣ ಗುರುತು ಒತ್ತಿರುತ್ತಾರೆ, ಯಾವ ತಿಂಗಳ ಮಾಲು ಎಂದು ತಿಳಿಯುವುದಕ್ಕೆ. ಕೊಳ್ಳುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಇವಳು ಒಂದೊಂದನ್ನೂ ತಿರುವಿ ಗುರುತು ಓದಿದಳು, ತಿಂಗಳ ಪ್ರಕಾರ ನೆಲದ ಮೇಲೆ ಸಾಲಾಗಿ ಜೋಡಿಸಿದಳು. ಐದು ತಿಂಗಳು, ತಿಂಗಳಿಗೊಂದು, ನಡುವೆ ಒಂದೂ ತಪ್ಪಿಲ್ಲ. ಅದಕ್ಕೂ ಹಿಂದಿನದು ಒಂದೂ ಇಲ್ಲ. ಹಾಗಾದರೆ ಅಲ್ಲಿಯವರೆಗೆ ಬಳಸಿದ್ದಾಳೆ. ಐದು ತಿಂಗಳ ಹಿಂದೆ ನಿಂತಿದೆ. ಮೇಲೆ ಸೊಂಟಕ್ಕೆ ಕೂರದ ಲಂಗ, ಬಸ್ಸಿನಿಂದ ಕಂಡ ಆ ಹುಡುಗ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ಅವಳು ಪ್ರಮಾಣಿಸಿ ನೋಡಿದ್ದೇನೆ ಎಂದೇ ತಿಳಿದಳು. ಲೆಕ್ಕ ಅಷ್ಟು ಚೊಕ್ಕವಾಗಿ ಕೂತಿತ್ತು. ಹುಡುಗಿ ಬಾಗಿಲು ತಳ್ಳಿ ಒಳಗೆ ಬರುತ್ತಿದ್ದಂತೆ ಹದ್ದಕ್ಕ ಹಿಂದಿನಿಂದ ಚಿಲಕ ಹಾಕಿದಳು.

"ಯಾರು?"

ಹುಡುಗಿಗೆ ಅರ್ಥವಾಗಲಿಲ್ಲ. "ಏನಮ್ಮಾ ಯಾರು?"

"ಐದು ತಿಂಗಳಿಂದ ನಿಂತಿದೆ. ನನ್ನ ಕಣ್ಣಿಗೇ ಮಣ್ಣೆರಚ್ತೀಯಾ? ಯಾರವನು ಅಂತ ಕೇಳ್ದೆ."

ಹುಡುಗಿ ನೆಲದ ಮೇಲಿನ ಸಾಲನ್ನು ನೋಡಿದಳು, ಅಮ್ಮನ ಕಣ್ಣು ನೆಟ್ಟಿದ್ದ ತನ್ನ ಹೊಟ್ಟೆಯನ್ನು ನೋಡಿಕೊಂಡಳು. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆದಾಗ ಮುಖದ ರಕ್ತವೆಲ್ಲ ಇಳಿದುಹೋಯಿತು. ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ಮೌನಂ ಸಮ್ಮತಿ ಲಕ್ಷಣಂ ಎಂದು ಯಾರು ಹೇಳಿದರೋ, ಹದಿಹರೆಯದ ಮಕ್ಕಳನ್ನು ಕಂಡವರಂತೂ ಹೇಳಿರಲಾರರು. ಹದ್ದಕ್ಕ ಮಾತ್ರ ಹಾಗೇ ನಂಬಿದಳು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಅವಳದು ಆಗಲೇ ಆಡಿ ಆಗಿತ್ತು.

ಗಂಡ ಲಾರಿ ಓಡಿಸುವವನು, ದೂರದ ಊರಿಗೆ ಸರಕು ಹೇರಿಕೊಂಡು ಹೋಗಿದ್ದ. ಸಂಜೆ ಫೋನು ಮಾಡಿದಾಗ ಎಲ್ಲ ಸರಿಯಾಗಿದೆ ಅಂದಳು. ಮಾರನೆಯ ಬೆಳಗ್ಗೆ ಜ್ವರ ಎಂದು ಸುಳ್ಳು ಹೇಳಿ ಕೆಲಸಕ್ಕೆ ರಜೆ ಹಾಕಿ, ಮಗಳನ್ನು ಕರೆದುಕೊಂಡು ಬಸ್ಸು ಹತ್ತಿದಳು. ಮನೆ ಹತ್ತಿರವೇ ಎರಡು ಕ್ಲಿನಿಕ್ ಇದ್ದವು. ಅಲ್ಲಿ ಪರಿಚಯದವರ ಕಣ್ಣಿತ್ತು. ಪಟ್ಟಣದ ಇನ್ನೊಂದು ಕೊನೆಗೆ ಹೋಗಬೇಕು, ಬೇರೆ ಹೆಸರು ಹೇಳಬೇಕು, ವಯಸ್ಸು ಎರಡು ಮೂರು ವರ್ಷ ಹೆಚ್ಚಿಸಬೇಕು ಎಂದೆಲ್ಲ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡಳು.

ಮಗಳು ಸೀಟು ಖಾಲಿಯಿದ್ದರೂ ಕೂರಲಿಲ್ಲ. ಎರಡೂ ಕೈಯಿಂದ ಕಂಬಿ ಹಿಡಿದು ಬಾಗಿ ನಿಂತಿದ್ದಳು. ಬಸ್ಸು ಕುಲುಕಿದಾಗಲೆಲ್ಲ ಕೆಳತುಟಿ ಕಚ್ಚುತ್ತಿದ್ದಳು, ಮೂಗಿನ ಕೆಳಗೆ ಬೆವರು ಸಾಲುಗಟ್ಟಿತ್ತು. ನಾಟಕ ಎಂದುಕೊಂಡಳು ಹದ್ದಕ್ಕ. ಇಳಿಯುವಾಗ ಹುಡುಗಿ ಮೆಟ್ಟಿಲ ಮೇಲೆ ತಡವರಿಸಿದಳು, ಅಮ್ಮನ ಕೈ ತಾನಾಗಿಯೇ ಮುಂದೆ ಹೋಯಿತು. ಹುಡುಗಿ ಅದನ್ನು ಹಿಡಿಯಲಿಲ್ಲ.

ಡಾಕ್ಟರು ವಯಸ್ಸಾದ ಹೆಂಗಸು. ಚಪ್ಪಲಿ ಬಿಟ್ಟು ಊದಿದ ಕಾಲನ್ನು ಮೇಜಿನ ಕೆಳಗಿನ ಹಲಗೆಯ ಮೇಲೆ ಇಟ್ಟುಕೊಂಡಿದ್ದಳು. ಏನಾಗ್ತಿದೆಯಮ್ಮ ಎಂದು ಹುಡುಗಿಯನ್ನು ಕೇಳಿದಳು. ಹೊಟ್ಟೆ ಎಂದಳು ಹದ್ದಕ್ಕ. ಎಷ್ಟು ದಿನದಿಂದ ಎಂದು ಡಾಕ್ಟರು ಮತ್ತೆ ಹುಡುಗಿಯನ್ನೇ ಕೇಳಿದಳು. ಐದು ತಿಂಗಳು ಎಂದಳು ಹದ್ದಕ್ಕ. ಕೊನೆಯ ಸಲ ಮುಟ್ಟಾದದ್ದು ಯಾವಾಗ? ಅದೇ ಹೇಳಿದೆನಲ್ಲ, ಐದು ತಿಂಗಳು ಎಂದಳು ಹದ್ದಕ್ಕ. ಡಾಕ್ಟರು ಪೆನ್ನು ಕೆಳಗಿಟ್ಟಳು.

"ಹೊಟ್ಟೆನೋವು ನಿಮ್ಗಾ, ಅವಳಿಗಾ?" ಅಂದಳು. "ಸ್ವಲ್ಪ ಹೊರಗಿರಿ. ನರ್ಸ್ ಇಲ್ಲೇ ಇರ್ತಾರೆ."

ಹೊರಗಿನ ಬೆಂಚಿನ ಮೇಲೆ ಒಬ್ಬ ಮುದುಕ ಕೆಮ್ಮುತ್ತಿದ್ದ, ಒಂದು ಮಗು ಚಪ್ಪಲಿ ಕಚ್ಚುತ್ತಿತ್ತು. ಹದ್ದಕ್ಕ ಮುಚ್ಚಿದ ಬಾಗಿಲನ್ನೇ ನೋಡುತ್ತ ಕೂತಳು. ಗಂಡನಿಗೆ ಏನೆಂದು ಹೇಳುವುದು? ಶಾಲೆಯಿಂದ ಬಿಡಿಸಬೇಕಾದೀತು. ಎಲ್ಲಕ್ಕಿಂತ ಮೊದಲು ಬಂದ ಯೋಚನೆ ಮಾತ್ರ ಎರಡನೆಯ ಸಾಲಿನದು. ಸಿಹಿ ತಿಂದ ಬಾಯಿಗಳೇ ನಾಳೆ ಏನೆಲ್ಲ ಆಡಬಹುದು ಎಂದು. ಮಗಳು ಒಳಗೆ ನರಳುತ್ತಿರುವಾಗ ತನಗೆ ಮೊದಲು ಹೊಳೆದದ್ದು ಅದು ಎಂಬುದನ್ನು ಅವಳು ಆಮೇಲೆ ಬಹಳ ದಿನ ಮರೆಯಲಿಲ್ಲ.

ಒಳಗಿನಿಂದ ಒಂದು ಕೂಗು ಬಂತು, ಅರ್ಧದಲ್ಲೇ ನಿಂತಿತು. ನರ್ಸು ಹೊರಗೆ ಓಡಿ ಬಂದು ಸ್ಟೀಲಿನ ತಟ್ಟೆಯಲ್ಲಿ ತೆಳು ನಳಿಕೆಯೊಂದನ್ನು ಇಟ್ಟುಕೊಂಡು ಒಳಗೆ ಹೋದಳು. ಹದ್ದಕ್ಕ ಎದ್ದು ನಿಂತಳು. ಕೂತ್ಕೊಳ್ಳಿ ಅಂದಳು ನರ್ಸು. ಆಮೇಲೆ ಸ್ಕ್ಯಾನ್ ಯಂತ್ರವನ್ನು ಗಾಲಿಯ ಮೇಲೆ ತಳ್ಳಿಕೊಂಡು ಹೋದರು. ಗೋಡೆಯ ಗಡಿಯಾರ ನಿಂತುಹೋಗಿದೆಯೇನೋ ಎಂದು ಅವಳು ಎರಡು ಸಲ ಅನುಮಾನದಿಂದ ನೋಡಿದಳು. ಕೊನೆಗೆ ಬಾಗಿಲು ತೆರೆಯಿತು.

ಹುಡುಗಿ ಪರದೆಯ ಆಚೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಡಾಕ್ಟರು ಕುರ್ಚಿ ತೋರಿಸಿದಳು. ಹದ್ದಕ್ಕ ಕೂರಲಿಲ್ಲ. ಎಷ್ಟನೇ ತಿಂಗಳು ಎಂದಷ್ಟೇ ಕೇಳಿದಳು.

"ಯಾವ ತಿಂಗಳೂ ಇಲ್ಲ," ಅಂದಳು ಡಾಕ್ಟರು. "ನಿಮ್ಮ ಮಗಳಿಗೆ ಮುಟ್ಟು ನಿಂತಿಲ್ಲಮ್ಮ. ಒಂದು ಸಲಾನೂ ಹೊರಗೆ ಬಂದೇ ಇಲ್ಲ."

ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದಳು. ಹೆಣ್ಣುಮಕ್ಕಳಿಗೆ ಕೆಳಗೆ ಒಂದು ತೆಳು ಪೊರೆ ಇರುತ್ತದೆ, ಮುಟ್ಟು ಹೊರಗೆ ಬರಲು ಅದರಲ್ಲಿ ದಾರಿಯೂ ಇರುತ್ತದೆ. ಸಾವಿರ ಎರಡು ಸಾವಿರಕ್ಕೆ ಒಬ್ಬಳಿಗೆ ಹುಟ್ಟುವಾಗಲೇ ಆ ದಾರಿ ತೆರೆದಿರುವುದಿಲ್ಲ. ಚಿಕ್ಕವಳಿರುವಾಗ ಯಾರಿಗೂ ಗೊತ್ತಾಗುವುದಿಲ್ಲ. ದೊಡ್ಡವಳಾಗುವ ಕಾಲಕ್ಕೆ ಮೆದುಳಿನಿಂದ ಅಪ್ಪಣೆ ಹೊರಟು, ಅಂಡಾಶಯ ಎಚ್ಚೆತ್ತು, ಎಲ್ಲ ತನ್ನ ಪಾಡಿಗೆ ಸರಿಯಾಗಿಯೇ ನಡೆಯುತ್ತದೆ. ಇವಳಿಗೂ ಒಂದು ವರ್ಷದಿಂದ ತಿಂಗಳು ತಿಂಗಳು ನಡೆದಿದೆ. ಹೊರಗೆ ದಾರಿಯಿಲ್ಲದೆ ಒಳಗೇ ತುಂಬಿಕೊಂಡಿದೆ. ಆ ಒತ್ತಡಕ್ಕೆ ನಿನ್ನೆ ಸಂಜೆಯಿಂದ ಮೂತ್ರವೂ ಕಟ್ಟಿತ್ತು, ಈಗ ನಳಿಕೆ ಹಾಕಿ ತೆಗೆದಿದ್ದೇವೆ. ದೊಡ್ಡಾಸ್ಪತ್ರೆಗೆ ಈಗಲೇ ಹೋಗಬೇಕು, ಆಪರೇಷನ್ ಸಣ್ಣದು, ಮುಂದೆ ಎಲ್ಲರಂತೆ ಇರುತ್ತಾಳೆ. ಇನ್ನೂ ತಡ ಮಾಡಿದ್ದರೆ ಮಾತು ಬೇರೆಯಾಗುತ್ತಿತ್ತು.

ಹದ್ದಕ್ಕನ ಕಿವಿಗೆ ಪದಗಳು ಬಿದ್ದವು, ತಲೆಗೆ ಇಳಿಯಲಿಲ್ಲ. ಐದು ತಿಂಗಳ ಪ್ಯಾಕೆಟ್ಟು ಮಾತ್ರ ಉಳಿದಿತ್ತಲ್ಲ, ಅದರ ಹಿಂದಿನದೆಲ್ಲ ಖರ್ಚಾಗಿತ್ತಲ್ಲ ಎಂದು ತೊದಲಿದಳು. ಮುಳುಗುವವಳು ಹುಲ್ಲುಕಡ್ಡಿ ಹಿಡಿಯುವ ಹಾಗೆ ಇನ್ನೂ ಆ ಲೆಕ್ಕವನ್ನೇ ಹಿಡಿದುಕೊಂಡಿದ್ದಳು. ಅದನ್ನೂ ಹುಡುಗಿ ಡಾಕ್ಟರಿಗೆ ಹೇಳಿದ್ದಳು. ಮೊದಮೊದಲು ಪ್ಯಾಕೆಟ್ಟನ್ನು ಶಾಲೆಗೆ ಒಯ್ದು ಬೇಕಾದ ಗೆಳತಿಯರಿಗೆ ಕೊಡುತ್ತಿದ್ದಳಂತೆ. ಒಂದು ದಿನ ಅವರಲ್ಲೊಬ್ಬಳು, ನಿನಗೆ ಯಾವತ್ತೂ ಬೇಕಾಗೋದೇ ಇಲ್ವಾ ಎಂದು ನಕ್ಕಿದ್ದಾಳೆ. ಅಂದಿನಿಂದ ಕೊಡುವುದನ್ನು ಬಿಟ್ಟು ಅಟ್ಟಕ್ಕೆ ಸೇರಿಸಿದ್ದಾಳೆ. ತರಗತಿಯ ಹುಡುಗಿಯರಿಗೆಲ್ಲ ಆಗಿದೆ, ತನಗೊಬ್ಬಳಿಗೇ ಇಲ್ಲ. ತಾನು ಪೂರ್ತಿ ಹುಡುಗಿಯೇ ಅಲ್ಲವೇನೋ ಎಂಬ ಭಯವನ್ನು ಒಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದ್ದಾಳೆ.

ದೊಡ್ಡಾಸ್ಪತ್ರೆಗೆ ಚೀಟಿ ಬರೆಯುವಾಗ ಹದ್ದಕ್ಕ ಹೇಳಿದ್ದ ಹೆಸರನ್ನೂ ವಯಸ್ಸನ್ನೂ ಡಾಕ್ಟರು ಮತ್ತೊಮ್ಮೆ ಕೇಳಿದಳು. ನಿಜ ಹೇಳಬೇಕಾಯಿತು. ಡಾಕ್ಟರು ತಲೆಯೆತ್ತದೆ ಹಳೆಯದನ್ನು ಹೊಡೆದುಹಾಕಿ ಹೊಸದನ್ನು ಬರೆದಳು.

ಫೋನು ಹೋದ ಕೂಡಲೇ ಗಂಡನ ಅಕ್ಕ ಹೊಲಿಗೆ ಯಂತ್ರದ ಮೇಲಿನ ಬಟ್ಟೆಯನ್ನು ಹಾಗೇ ಬಿಟ್ಟು ಆಸ್ಪತ್ರೆಗೆ ಓಡಿ ಬಂದಳು. ಹುಡುಗಿಯನ್ನು ಆಪರೇಷನ್ ಕೋಣೆಗೆ ಒಯ್ಯುವ ಮುಂಚೆ ನರ್ಸು, ಬಟ್ಟೆ ಬದಲಾಯಿಸಲು ಮನೆಯವರು ಯಾರಾದರೂ ಒಬ್ಬರು ಬರಬಹುದು ಅಂದಳು. ಹದ್ದಕ್ಕ ಆಗಲೇ ಹೆಜ್ಜೆ ಎತ್ತಿದ್ದಳು.

"ಅತ್ತೆ ಬರ್ಲಿ," ಅಂದಳು ಹುಡುಗಿ.

ಅತ್ತಿಗೆ ಹದ್ದಕ್ಕನ ಭುಜ ಒಮ್ಮೆ ಒತ್ತಿ ಒಳಗೆ ಹೋದಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಹದ್ದಕ್ಕ ಮೊಗಸಾಲೆಯ ಗೋಡೆಗೆ ಒರಗಿ ನಿಂತಳು. ಅಳು ಬಂತು, ಅಳಲು ತನಗೆ ಹಕ್ಕಿಲ್ಲ ಅನ್ನಿಸಿತು, ಆದರೂ ಅತ್ತಳು. ಗಂಡನ ಫೋನು ಬಂದಾಗ ಈ ಸಲ ಸುಳ್ಳು ಹೇಳಲಿಲ್ಲ. ಆಸ್ಪತ್ರೆಯಲ್ಲಿದ್ದೇವೆ, ಮಗಳಿಗೆ ಹೀಗಾಗಿದೆ, ನಾನು ಅವಳನ್ನು ಹೀಗೆ ಕೇಳಿಬಿಟ್ಟೆ ಎಂದು ಪೂರ್ತಿ ಹೇಳಿದಳು. ಅತ್ತ ಕಡೆ ಲಾರಿಯ ಇಂಜಿನ್ ಆರಿಸಿದ ಸದ್ದು ಕೇಳಿತು. ಹೊರಟು ಬರ್ತೀನಿ ಅಂದ.

ಆಪರೇಷನ್ ಬೇಗ ಮುಗಿಯಿತು, ಎಲ್ಲ ಸರಿಯಾಗಿದೆ ಅಂದರು. ಸಂಜೆ ಹುಡುಗಿಗೆ ಪೂರ್ತಿ ಎಚ್ಚರವಾದಾಗ ಅತ್ತಿಗೆ ಕಾಫಿ ತರುವ ನೆಪ ಮಾಡಿ ಎದ್ದು ಹೋದಳು. ಪಕ್ಕದ ಮಂಚದ ಹೆಂಗಸು ಕಣ್ಣು ಮುಚ್ಚಿ ಕಿವಿ ತೆರೆದುಕೊಂಡು ಮಲಗಿದ್ದಳು. ಹದ್ದಕ್ಕ ಎಷ್ಟೋ ಮಾತು ಜೋಡಿಸಿಟ್ಟುಕೊಂಡಿದ್ದಳು. ಬಾಯಿಗೆ ಬಂದದ್ದು ಒಂದೇ.

"ತಪ್ಪಾಯ್ತು ಪುಟ್ಟಿ."

ಹುಡುಗಿ ಮೇಲಿನ ಫ್ಯಾನನ್ನು ನೋಡುತ್ತಿದ್ದಳು.

"ಆ ಡಾಕ್ಟ್ರು ನನ್ನ ಒಂದೇ ಒಂದು ಕೇಳಿದ್ದು," ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಒಂದು ಸಲನಾದ್ರೂ ಬಂದಿತ್ತಾ ಅಂತ. ಅಷ್ಟೇ. ನಾನು ಎಲ್ಲಾ ಹೇಳ್ಬಿಟ್ಟೆ."

ಒಂದು ವರ್ಷ ಒಂದೇ ಸೂರಿನ ಕೆಳಗೆ, ಒಂದೇ ಕಪಾಟಿನ ಮುಂದೆ, ಆ ಒಂದು ಪ್ರಶ್ನೆ ಹದ್ದಕ್ಕನ ನಾಲಿಗೆಗೆ ಬಂದಿರಲಿಲ್ಲ. ಹೊಸ ಹುಡುಗಿಯರಿಗೆ ಕೂಗಿ ಕೂಗಿ ಹೇಳುತ್ತಿದ್ದವಳಿಗೆ ಬಂದಿರಲಿಲ್ಲ. ಸಮಾಧಾನದ ಮಾತು, ಸಮರ್ಥನೆಯ ಮಾತು, ನಾನು ನಿನ್ನ ಒಳ್ಳೆಯದಕ್ಕೇ ಎಂಬ ಮಾತು, ಎಲ್ಲ ಬಾಯಿಯವರೆಗೂ ಬಂದವು. ಅವಳು ಎಲ್ಲವನ್ನೂ ನುಂಗಿಕೊಂಡಳು.

"ಈಗ ನೋವಿದ್ಯಾ?" ಎಂದು ಕೇಳಿದಳು.

ಹುಡುಗಿ ತಕ್ಷಣ ಹೇಳಲಿಲ್ಲ. ಕಾರಿಡಾರಿನಲ್ಲಿ ಯಾರೋ ಬಕೆಟ್ ಎಳೆದುಕೊಂಡು ಹೋದರು. ಇದ್ದೇ ಇರುತ್ತೆ, ನಾಳೆ ಸರಿಹೋಗುತ್ತೆ, ಮಲಗು ಎಂದು ತಾನೇ ಉತ್ತರ ಹೇಳಿ ಮುಗಿಸಿಬಿಡುವ ಆಸೆ ಹದ್ದಕ್ಕನ ಗಂಟಲಿನವರೆಗೆ ಬಂದು ನಿಂತಿತ್ತು. ಅವಳು ಮಂಚದ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಮಗಳು ತಾನಾಗಿ ಬಾಯಿ ತೆರೆಯುವವರೆಗೂ ಕಾದಳು.